ಹನಿಯುವುದು ಇಲ್ಲಿ, ಸೋರುವುದು ಎಲ್ಲಿ?



ಮಳೆಗಾಲದಲ್ಲಿ ಮರದ ಬಾಗಿಲು ಬಿಗಿಯಾಗಿ, ಹಾಕಲು ತೆಗೆಯಲು ಕಷ್ಟವಾಗುವುದನ್ನು ನೀವು ಗಮನಿಸಿರಬಹುದು. ಬೇಸಿಗೆಯಲ್ಲಿ ಅದೇ ಬಾಗಿಲು ಸಲೀಸಾಗಿ ಮುಚ್ಚಿಕೊಳ್ಳುತ್ತದೆ. ಏಕೆ ಹೀಗೆ? ಮರವು ತೇವವನ್ನು ಹೀರಿಕೊಂಡಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಈ ಚಿಕ್ಕ ಸಂಗತಿ ಒಂದು ಬೋಟಿನ ಆಯುಷ್ಯವನ್ನೇ ನಿರ್ಧರಿಸಬಲ್ಲದು ಎಂದರೆ ನಂಬುವಿರಾ? ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ, ಕೇಳಿ.

2018ರ ಮೇ ತಿಂಗಳಲ್ಲಿ ಹೊನ್ನಾವರದ ಬಳಿ, ಶರಾವತಿ ನದಿ ಸಮುದ್ರ ಸೇರುವ ಕಡೆ, ಒಂದು ಹಳೆಯ ಮರದ ಬೋಟನ್ನು ದಡಕ್ಕೆ ಎಳೆದು ನಿಲ್ಲಿಸಿದ್ದರು. ಈಗ ಹೊಸದಾಗಿ ಕಟ್ಟುವ ಬೋಟುಗಳಲ್ಲಿ ಉಕ್ಕಿನವು, ಫೈಬರಿನವು ಹೆಚ್ಚು. ಆದ್ದರಿಂದ ಮರದ ಬೋಟಿನ ದುರಸ್ತಿ ನೋಡುವ ಆಸೆಯಿಂದ ನಾನು ದಿನವೂ ಸಂಜೆ ಅಲ್ಲಿಗೆ ಹೋಗುತ್ತಿದ್ದೆ. ಬೋಟಿನ ಮೇಲ್ಭಾಗದಲ್ಲಿ ಹಲಗೆಗಳನ್ನು ಜೋಡಿಸಿ ಮಾಡಿದ ಹಾಸಿಗೆ ಡೆಕ್ಕು ಎನ್ನುತ್ತಾರೆ. ಅದು ಸೋರುತ್ತಿತ್ತು. ಮೀನುಗಾರರು ಮಲಗುವ ಜಾಗದಲ್ಲಿ, ಒಂದು ಬದಿಯಲ್ಲಿ, ಮಳೆ ಬಂದಾಗಲೆಲ್ಲ ತೊಟ್ಟಿಕ್ಕುತ್ತಿತ್ತು. ಹನಿ ಬೀಳುವ ಜಾಗದ ನೇರ ಮೇಲಿನ ಸಂದುಗಳನ್ನು ಅವರು ಮೂರು ಸಲ ಮುಚ್ಚಿದ್ದರು. ಆದರೂ ಸೋರುವುದು ನಿಂತಿರಲಿಲ್ಲ.

ಬೋಟು ನಡೆಸುವ ತಾಂಡೇಲರು ಹೇಳಿದರು: "ಆಚಾರಿಯವರೇ, ಡೆಕ್ಕಿಗೆ ಪೂರ್ತಿ ಫೈಬರ್ ಹೊದೆಸಿಬಿಡಿ. ಕೆಲಸ ಬೇಗ ಮುಗಿಯಲಿ." ವಯಸ್ಸಾದ ಆಚಾರಿ ತಲೆ ಅಲ್ಲಾಡಿಸಿದರು. "ಒಳಗೆ ಕೀವು ಇರುವಾಗ ಮೇಲೆ ಪಟ್ಟಿ ಕಟ್ಟಿದರೆ ಗಾಯ ವಾಸಿಯಾಗುತ್ತದೆಯೇ? ನೀರು ಎಲ್ಲಿಂದ ಬರುತ್ತದೆ ಎಂದು ಮೊದಲು ನೋಡೋಣ" ಎಂದರು. ನನ್ನ ಕಡೆ ತಿರುಗಿ, "ಅಕ್ಕೋರೇ, ನಿಮ್ಮಲ್ಲಿ ಸೀಮೆಸುಣ್ಣ ಇದ್ದರೆ ನಾಳೆ ತನ್ನಿ" ಎಂದರು.

ಮರುದಿನ ಅವರು ಬೋಟಿನ ಒಳಗಿನ ತೊಲೆಗಳನ್ನು ಒಣಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಪುಡಿ ಸವರಿದರು. ಒಬ್ಬ ಹುಡುಗನನ್ನು ಕೆಳಗೆ ಕೂರಿಸಿದರು. ತಾವು ಮೇಲೆ ಹೋಗಿ, ಡೆಕ್ಕಿನ ಒಂದು ಸಣ್ಣ ಭಾಗಕ್ಕೆ ಮಾತ್ರ ನೀರು ಸುರಿದು ಕಾದರು. ಏನೂ ಆಗಲಿಲ್ಲ. ಆಮೇಲೆ ಮುಂದಿನ ಭಾಗಕ್ಕೆ ಸುರಿದರು. ಹೀಗೆ ತಗ್ಗಿನ ಕಡೆಯಿಂದ ಎತ್ತರದ ಕಡೆಗೆ ಸಾಗಿದರು. ತಗ್ಗಿನಿಂದಲೇ ಏಕೆ ಶುರು ಮಾಡಬೇಕು? ಎತ್ತರದಲ್ಲಿ ಮೊದಲು ಸುರಿದರೆ ನೀರು ಎಲ್ಲ ಸಂದುಗಳ ಮೇಲೂ ಹರಿಯುತ್ತದೆ. ಆಗ ತಪ್ಪು ಯಾವ ಸಂದಿನದೆಂದು ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸಬೇಕು. ಇದು ಪ್ರಯೋಗಶಾಲೆಯ ನಿಯಮವೂ ಹೌದು, ಅಲ್ಲವೇ?

ಆಚಾರಿಯವರು ಡೆಕ್ಕಿನ ನಡುವೆ ಬಲೆ ಎಳೆಯುವ ವಿಂಚಿನ ಬಳಿ ನೀರು ಸುರಿದಾಗ ಕೆಳಗಿನಿಂದ ಹುಡುಗ ಕೂಗಿದ. ನಾವೆಲ್ಲ ಇಳಿದು ನೋಡಿದೆವು. ಬಿಳಿ ಪುಡಿಯ ಮೇಲೆ ಒದ್ದೆಯ ಗೆರೆಯೊಂದು ಮೂಡಿತ್ತು. ಅದು ವಿಂಚಿನ ಬೋಲ್ಟಿನ ತೂತಿನಿಂದ ಹೊರಟು, ತೊಲೆಯ ಉದ್ದಕ್ಕೂ ಇಳಿದು, ಮೂರು ಮೊಳ ಆಚೆ ಹನಿಯುತ್ತಿತ್ತು!

ನೀರು ಅಷ್ಟು ದೂರ ಹೋದದ್ದು ಹೇಗೆ? ಮಳೆನೀರು ಹೊರಗೆ ಹರಿದುಹೋಗಲೆಂದು ಡೆಕ್ಕಿನ ನಡುವನ್ನು ತುಸು ಎತ್ತರವಾಗಿ, ಎರಡು ಬದಿಗಳನ್ನು ತಗ್ಗಾಗಿ ಕಟ್ಟಿರುತ್ತಾರೆ. ಅದನ್ನು ಹೊತ್ತ ತೊಲೆಗಳೂ ಹಾಗೆಯೇ ಬಾಗಿರುತ್ತವೆ. ಇನ್ನು, ಲೋಟವನ್ನು ನಿಧಾನವಾಗಿ ಬಗ್ಗಿಸಿದರೆ ನೀರು ಲೋಟದ ಹೊರಮೈ ಹಿಡಿದೇ ಇಳಿಯುತ್ತದೆ, ನೋಡಿದ್ದೀರಾ? ಅದೇ ರೀತಿ ಇಲ್ಲಿಯೂ ನೀರು ತೊಲೆಗೆ ಅಂಟಿಕೊಂಡು ಇಳಿಜಾರಿನಲ್ಲಿ ಸಾಗಿತ್ತು.

ಆಚಾರಿಯವರು ಆ ತೊಲೆಯನ್ನು ಕೊಡತಿಯಿಂದ ತಟ್ಟುತ್ತ ಹೋದರು. ಗಟ್ಟಿ ಮರ ಟಣ್ ಟಣ್ ಎಂದಿತು. ಬೋಲ್ಟಿನ ಬಳಿ ಮಾತ್ರ ಡಬ್ ಡಬ್ ಎಂಬ ಮಂಕು ಸದ್ದು. ದಬ್ಬಳ ಚುಚ್ಚಿದರೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ತೊಲೆ ಲಡ್ಡಾಗಿತ್ತು. ಅದರ ಮೇಲೆಯೇ ಭಾರವಾದ ವಿಂಚು ನಿಂತಿತ್ತು. ಬಲೆ ಎಳೆಯುವಾಗ ನಡುಸಮುದ್ರದಲ್ಲಿ ತೊಲೆ ಮುರಿದಿದ್ದರೆ? ತಾಂಡೇಲರು ಫೈಬರಿನ ಮಾತನ್ನು ಮತ್ತೆ ಎತ್ತಲಿಲ್ಲ.

ಮರವನ್ನು ಲಡ್ಡು ಮಾಡುವುದು ನೀರಲ್ಲ, ಶಿಲೀಂಧ್ರ. ಅದು ಬೆಳೆಯಲು ತೇವವೂ ಬೇಕು, ಗಾಳಿಯೂ ಬೇಕು. ಮರದ ತೇವಾಂಶ ಶೇಕಡ 20ಕ್ಕಿಂತ ಕಡಿಮೆ ಇದ್ದರೆ ಅದು ಸಾಮಾನ್ಯವಾಗಿ ಬೆಳೆಯಲಾರದು. ಇನ್ನೊಂದು ವಿಚಿತ್ರ ಕೇಳಿ. ಉಪ್ಪುನೀರು ಈ ಶಿಲೀಂಧ್ರಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಹಾಗಾಗಿ ಡೆಕ್ಕಿಗೆ ಸಮುದ್ರದ ಅಲೆಗಿಂತ ಮಳೆಯ ಸಿಹಿನೀರೇ ಹೆಚ್ಚು ಅಪಾಯ! ಹಿಂದೆ ನಾವಿಕರು ಡೆಕ್ಕನ್ನು ಆಗಾಗ ಸಮುದ್ರದ ನೀರಿನಿಂದಲೇ ತೊಳೆಯುತ್ತಿದ್ದರು. ಇದರಿಂದ ಹಲಗೆಗಳು ಹಿಗ್ಗಿಕೊಂಡೇ ಇದ್ದು ಸಂದುಗಳು ಬಿಗಿಯಾಗಿರುತ್ತಿದ್ದವು.

ಬೋಟಿನ ತಳ ಯಾವಾಗಲೂ ನೀರಿನಲ್ಲಿರುವುದರಿಂದ ಅಲ್ಲಿನ ಹಲಗೆಗಳು ಹಿಗ್ಗಿ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಡೆಕ್ಕಿನ ಪಾಡು ಬೇರೆ. ಇವತ್ತು ಸುಡುಬಿಸಿಲು, ನಾಳೆ ಮಳೆ. ಹಲಗೆಗಳು ಕುಗ್ಗುತ್ತ ಹಿಗ್ಗುತ್ತ ಸಂದುಗಳು ಸಡಿಲವಾಗುತ್ತವೆ.

ಆಚಾರಿಯವರು ವಿಂಚನ್ನು ಬಿಚ್ಚಿಸಿದರು. ತೊಲೆಯ ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೂ ಕತ್ತರಿಸಿ ತೆಗೆದು, ಹೊಸ ತುಂಡನ್ನು ಓರೆಯಾಗಿ ಜೋಡಿಸಿ ಬೋಲ್ಟು ಹಾಕಿದರು. ಬಳಿಕ ಡೆಕ್ಕಿನ ಸಂದುಗಳಲ್ಲಿದ್ದ ಹಳೆಯದನ್ನೆಲ್ಲ ಕೆರೆದು ತೆಗೆದರು. ಹತ್ತಿಯ ಹುರಿಯನ್ನು ಸಂದಿನಲ್ಲಿಟ್ಟು, ಮೊಂಡು ಬಾಯಿಯ ಉಳಿಯಿಂದ ಕೊಡತಿಯಲ್ಲಿ ಹೊಡೆದು ಕೂರಿಸಿದರು. ಮೇಲೆ ರಾಳ ಮತ್ತು ಎಣ್ಣೆ ಕಲಸಿದ ಲೇಪ ಹಚ್ಚಿದರು. "ಇನ್ನೂ ಬಿಗಿಯಾಗಿ ತುಂಬಬಾರದೇ?" ಎಂದು ನಾನು ಕೇಳಿದೆ. "ಬೇಡ ಅಕ್ಕೋರೇ. ಈಗ ಹಲಗೆ ಒಣಗಿದೆ. ಮಳೆಗೆ ಹಿಗ್ಗಿದಾಗ ಅದಕ್ಕೆ ಜಾಗ ಬೇಕು. ಜಾಗ ಸಿಗದಿದ್ದರೆ ಹಲಗೆಯೇ ಎದ್ದು ಬರುತ್ತದೆ" ಎಂದರು. ಕೊನೆಗೆ ಮತ್ತೆ ನೀರು ಸುರಿದು ನೋಡಿದರು. ಬಿಳಿ ಪುಡಿ ಒಣಗಿಯೇ ಇತ್ತು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಮೀನು ಹಿಡಿಯುವಂತಿಲ್ಲ. ರಜೆ ಮುಗಿಸಿ ಕಡಲಿಗಿಳಿಯುವ ಬೋಟು ಹಲವರ ಪ್ರಾಣವನ್ನು ಹೊತ್ತಿರುತ್ತದೆ. ಆದ್ದರಿಂದ ಇಂಥ ದುರಸ್ತಿಗೆ ಅಷ್ಟು ಬೆಲೆ.

ಚೆನ್ನಾಗಿ ನೋಡಿಕೊಂಡರೆ ಮರದ ಹಡಗು ಎಷ್ಟು ಕಾಲ ಬಾಳುತ್ತದೆ ಗೊತ್ತೇ? ಮುಂಬಯಿಯಲ್ಲಿ ವಾಡಿಯಾ ಮನೆತನದ ಕುಶಲಕರ್ಮಿಗಳು ಮಲಬಾರಿನ ತೇಗದಿಂದ ಕಟ್ಟಿದ 'ಟ್ರಿಂಕೋಮಲಿ' ಎಂಬ ಹಡಗು 1817ರಲ್ಲಿ ನೀರಿಗಿಳಿಯಿತು. ಹಲವು ವರ್ಷಗಳ ದುರಸ್ತಿಯ ನಂತರ ಅದು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ!

ನೀವೂ ಮಾಡಿ ನೋಡಿ: ಒಂದು ಒಣ ಹಲಗೆಯ ತುಂಡಿನ ಉದ್ದ ಮತ್ತು ಅಗಲವನ್ನು ಅಳತೆಪಟ್ಟಿಯಿಂದ ಅಳೆದು ಬರೆದುಕೊಳ್ಳಿ. ಅದನ್ನು ಎರಡು ದಿನ ನೀರಿನಲ್ಲಿ ಮುಳುಗಿಸಿಡಿ. ಮತ್ತೆ ಅಳೆಯಿರಿ. ಎಳೆಗಳು ಸಾಗಿದ ದಿಕ್ಕಿನಲ್ಲಿ ಹೆಚ್ಚು ವ್ಯತ್ಯಾಸವಾಯಿತೇ, ಅದಕ್ಕೆ ಅಡ್ಡಲಾಗಿಯೇ?

ಮಳೆಗಾಲದಲ್ಲಿ ನಿಮ್ಮ ಶಾಲೆಯ ಮಾಡು ಸೋರಿದರೆ, ಹನಿ ಬೀಳುವ ಜಾಗದಿಂದ ಮೇಲಕ್ಕೆ ಒದ್ದೆಯ ಗುರುತು ಎಲ್ಲಿಯವರೆಗೆ ಹೋಗಿದೆ ಎಂದು ನೆಲದಲ್ಲೇ ನಿಂತು ನೋಡಿ, ಚಿತ್ರ ಬರೆಯಿರಿ. ಮಾಡು ಹತ್ತಬೇಡಿ. ಆ ಚಿತ್ರವನ್ನು ನಿಮ್ಮ ಶಿಕ್ಷಕರಿಗೆ ಕೊಡಿ. ದುರಸ್ತಿಗೆ ಬರುವವರಿಗೆ ಅದು ಖಂಡಿತ ಉಪಯೋಗವಾಗುತ್ತದೆ.