ಇಟಗಿಯಿಂದ ಆನೆಗೊಂದಿಗೆ... ಎರಡು ದಿನ, ಒಂದು ಬೈಕು!

ಶೂಟಿಂಗ್ ಅಂದ್ರೆ ಎಲ್ಲರಿಗೂ ಹಂಪಿ! ಜಾಕಿ ಚಾನ್ ಕೂಡ 2005ರ ‘ದಿ ಮಿಥ್’ ಚಿತ್ರಕ್ಕಾಗಿ ಅಲ್ಲಿಗೇ ಬಂದಿದ್ದ. ಆದರೆ ಗೆಳೆಯರೇ, ತುಂಗಭದ್ರೆಯ ಈ ದಡದ ಕೊಪ್ಪಳ ಸೀಮೆಯನ್ನು ಕಣ್ತುಂಬ ನೋಡಿದವರು ನಿಮ್ಮಲ್ಲಿ ಎಷ್ಟು ಮಂದಿ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕನ್ನೂ ಒಂದೇ ದಿನ ಸುತ್ತೋಕೆ ಹೊರಟರೆ ಬರೀ ರಸ್ತೆ ನೋಡಿ ಬರ್ತೀರಿ. ಎರಡೇ ಊರು ಆರಿಸಿಕೊಳ್ಳಿ. ಪಶ್ಚಿಮಕ್ಕೆ ಇಟಗಿ, ಪೂರ್ವಕ್ಕೆ ಆನೆಗೊಂದಿ. ನಡುವೆ ಕೊಪ್ಪಳದಲ್ಲಿ ಒಂದು ರಾತ್ರಿ. ಶನಿವಾರ, ಭಾನುವಾರ ಸಾಕು.

ಮೊದಲ ರೀಲು

ಬೈಕ್ ಇದ್ದವರು ಕೊಪ್ಪಳ–ಗದಗ ಹೆದ್ದಾರಿ ಹಿಡಿದು ಬನ್ನಿಕೊಪ್ಪದ ಹತ್ತಿರ ಒಳದಾರಿಗೆ ತಿರುಗಬೇಕು. ಇಲ್ಲದವರಿಗೂ ಚಿಂತೆಯಿಲ್ಲ. 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿ–ಕುಷ್ಟಗಿ ರೈಲು ಶುರುವಾಗಿದೆ. ಕುಕನೂರಿನಲ್ಲಿ ಇಳಿದರೆ ಇಟಗಿ ಸುಮಾರು 7 ಕಿ.ಮೀ.

ಹಿಂದೆ ಯಲಬುರ್ಗಾ ತಾಲೂಕಿನಲ್ಲಿದ್ದು ಈಗ ಕುಕನೂರು ತಾಲೂಕಿಗೆ ಸೇರಿದ ಈ ಸಣ್ಣ ಊರಲ್ಲಿದೆ ಮಹಾದೇವ ದೇವಾಲಯ. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು. ಶಾಸನದಲ್ಲಿ ಇದಕ್ಕಿರುವ ಬಿರುದು ‘ದೇವಾಲಯ ಚಕ್ರವರ್ತಿ’! ಬಳಪದ ಕಲ್ಲಿನ ಕಂಬಗಳ ನುಣುಪು ನೋಡಿದರೆ ನಿನ್ನೆ ಮೊನ್ನೆ ಕಡೆದದ್ದೇನೋ ಅನ್ನಿಸುತ್ತೆ. ಹಂಪಿಯ ಜನಜಾತ್ರೆಯಲ್ಲಿ ಒಂದು ಕಾಲು ಪಾಲಾದರೂ ಇತ್ತ ಬರಬಾರದೇ?

ಸಂಜೆ ಕೊಪ್ಪಳಕ್ಕೆ ವಾಪಸ್. ಒಗ್ಗರಣೆ-ಮಿರ್ಚಿ ತಿಂದು, ಕತ್ತಲಾಗುವ ಮುಂಚೆ ಕೋಟೆ ನೋಡಿ. 1786ರಲ್ಲಿ ಟಿಪ್ಪು ವಶವಾದ ಕೋಟೆ ಇದು. ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಅವನು ಗಟ್ಟಿ ಮಾಡಿಸಿದ್ದು. ಗವಿಮಠದ ಗುಡ್ಡದಲ್ಲಿ ಅಶೋಕನ ಶಾಸನವೂ ಇದೆ.

ಎರಡನೇ ರೀಲು

ಬೆಳಗ್ಗೆ ಬೇಗ ಏಳಿ. ಹಿಟ್ನಾಳ ದಾಟಿ ಸಾಣಾಪುರದ ದಾರಿ ಹಿಡಿದರೆ ಸೀನೇ ಬದಲು! ಒಣ ನೆಲ ಹೋಗಿ ಹಸಿರು ಗದ್ದೆ, ಬಾಳೆ ತೋಟ, ಮೇಲೆ ಬಂಡೆಗಳ ರಾಶಿ. ಹನುಮ ಹುಟ್ಟಿದ ಸ್ಥಳ ಅಂತ ಜನ ನಂಬಿರುವ ಅಂಜನಾದ್ರಿಗೆ 575 ಮೆಟ್ಟಿಲು. ಬಿಸಿಲೇರುವ ಮುಂಚೆ ಹತ್ತಿ ಇಳಿದುಬಿಡಿ. ಅಲ್ಲಿಂದ ಪಂಪಾ ಸರೋವರ, ಆಮೇಲೆ ಆನೆಗೊಂದಿ. ಕಾಲಲ್ಲಿ ಇನ್ನೂ ಶಕ್ತಿ ಉಳಿದಿದ್ದರೆ ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡ. ಬೃಹತ್ ಶಿಲಾಯುಗದ ಕಲ್ಮನೆಗಳು ಅಲ್ಲಿ ಸಾಲುಗಟ್ಟಿ ನಿಂತಿವೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿವೆ.

ಕ್ಲೈಮ್ಯಾಕ್ಸ್ ಬೇಡ!

ಈಗ ಗಂಭೀರ ಮಾತು. ಸಾಣಾಪುರದ ಬಂಡೆಗಳ ಮೇಲೆ ನಿಂತರೆ ಯಾರಿಗಾದರೂ ಹೀರೋ ಆಗೋ ಆಸೆ ಬರುತ್ತೆ. ಗೆಳೆಯ ಮೊಬೈಲ್ ಹಿಡಿದಿದ್ದರಂತೂ ಕೇಳೋದೇ ಬೇಡ. ಆದರೆ ತೆರೆಯ ಮೇಲೆ ಹೀರೋ ಜಿಗಿಯುವಾಗ ಡ್ಯೂಪ್ ಇರ್ತಾನೆ, ಸ್ಟಂಟ್ ಮಾಸ್ಟರ್ ಇರ್ತಾರೆ. ಇಲ್ಲಿ ಯಾರಿದ್ದಾರೆ? 2025ರ ಫೆಬ್ರವರಿಯಲ್ಲಿ ಹೈದರಾಬಾದಿನಿಂದ ಪ್ರವಾಸಕ್ಕೆ ಬಂದಿದ್ದ ಯುವ ವೈದ್ಯೆಯೊಬ್ಬರು ಈಜಲೆಂದು ಬಂಡೆಯಿಂದ ನದಿಗೆ ಜಿಗಿದರು. ಸೆಳೆತ ಅವರನ್ನು ಎಳೆದೊಯ್ದಿತು. ಸಿಕ್ಕಿದ್ದು ಶವ. ಮೇಲೆ ತಣ್ಣಗೆ ಕಾಣುವ ನೀರಿನ ಅಡಿಯಲ್ಲಿ ಬಂಡೆಗಳ ಪೊಟರೆಗಳಿರುತ್ತವೆ. ದಡದಲ್ಲಿ ಕೂತು ನೋಡಿ, ಸಾಕು. ಹರಿಗೋಲು ಹತ್ತುವುದಾದರೆ ಲೈಫ್ ಜಾಕೆಟ್ ಕೊಟ್ಟರೆ ಮಾತ್ರ. ನೀರು ಏರಿದ ದಿನ ಅದೂ ಬೇಡ.

ಹೊರಡುವ ಮುಂಚೆ

ನವೆಂಬರಿಂದ ಫೆಬ್ರವರಿ ಒಳ್ಳೇ ಕಾಲ. ಜನವರಿಯ ಗವಿಮಠದ ಜಾತ್ರೆ ಸಮಯವಾದರೆ ಲಾಡ್ಜ್ ಮೊದಲೇ ಹೇಳಿಡಿ. ಫುಲ್ ಟ್ಯಾಂಕ್ ಪೆಟ್ರೋಲ್, ಇಬ್ಬರಿಗೂ ಹೆಲ್ಮೆಟ್, ಎರಡು ಬಾಟಲಿ ನೀರು. ಭಾನುವಾರ ರಾತ್ರಿ ಸೆಕೆಂಡ್ ಶೋ ಹೊತ್ತಿಗೆ ಊರು ಸೇರ್ತೀರಿ. ಹೋಗಿ ಬನ್ನಿ!