ಹೇಳದೆ ಉಳಿದ ಮಾತು

ನಮ್ಮ ಮನೆಗಳಲ್ಲಿ ಹೆಂಗಸರ ಬೇನೆಯ ಮಾತು ಅಡುಗೆಮನೆಯ ಹೊಸ್ತಿಲನ್ನು ದಾಟುವುದು ಅಪೂರ್ವ. ಈ ಮೌನವನ್ನು ಮರ್ಯಾದೆಯೆಂದೇ ನಾನೂ ಬಹುಕಾಲ ತಿಳಿದಿದ್ದೆನು. ಅಕ್ಕನ ಪ್ರಸಂಗವು ನಡೆಯದಿದ್ದರೆ ಇಂದಿಗೂ ಹಾಗೆಯೇ ತಿಳಿದಿರುತ್ತಿದ್ದೆನೋ ಏನೋ.

ಗರ್ಭಕೋಶದಲ್ಲಿ ಗಡ್ಡೆಗಳು ಬೆಳೆದು, ಅತಿಯಾದ ರಕ್ತಸ್ರಾವದಿಂದ ಅಕ್ಕನು ಸೊರಗಿದ್ದಳು. ಔಷಧಿಗಳು ಫಲಿಸದೆ ಹೋದುದರಿಂದ ಗರ್ಭಕೋಶವನ್ನು ತೆಗೆಸಬೇಕಾಯಿತು. ಐದನೆಯ ದಿನ ಮನೆಗೆ ಬಂದಳು. ನಾವು ದೇವರಿಗೆ ತುಪ್ಪದ ದೀಪ ಹಚ್ಚಿದೆವು. ಹತ್ತನೆಯ ದಿನದಿಂದ ಅವಳು ಯಾರ ಬಳಿಯಲ್ಲಿಯೂ ಕುಳಿತುಕೊಳ್ಳಲೊಲ್ಲಳು. ದಿನಕ್ಕೆ ಐದಾರು ಸಲ ಸೀರೆ ಬದಲಿಸುವಳು. ನೀರು ಕುಡಿಯುವುದನ್ನೂ ಬಿಟ್ಟಂತಾಯಿತು. ಕೇಳಿದರೆ, "ಏನಿಲ್ಲ, ಸೆಕೆ" ಎನ್ನುವಳು. ಹೀಗೆ ಎರಡು ವಾರಗಳು ಕಳೆದುವು. ಕೊನೆಗೊಂದು ರಾತ್ರಿ ನನ್ನ ಕೈಹಿಡಿದು, "ಮೂತ್ರ ನಿಲ್ಲದೆ ಸೋರುತ್ತಿದೆಯೇ ತಂಗಿ. ನಿಮ್ಮ ಭಾವನವರಿಗೆ ಹೇಳಬೇಡ" ಎಂದು ಅತ್ತಳು.

ಮರುದಿನವೇ ಕರೆದೊಯ್ದೆವು. ವೈದ್ಯೆಯವರು ಮೂತ್ರಾಶಯಕ್ಕೆ ನೀಲಿಬಣ್ಣದ ನೀರನ್ನು ತುಂಬಿ ಪರೀಕ್ಷಿಸಿದರು. ಮೂತ್ರಾಶಯಕ್ಕೂ ಯೋನಿಗೂ ನಡುವೆ ಸಣ್ಣ ರಂಧ್ರವಾಗಿತ್ತು. ಅವರು ಚಿತ್ರ ಬರೆದು ತಿಳಿಸಿದುದು ಇಷ್ಟು: ಗರ್ಭಕೋಶದ ಮುಂಭಾಗಕ್ಕೆ ಮೂತ್ರಾಶಯವು ಅಂಟಿಕೊಂಡಿರುತ್ತದೆ, ಮೂತ್ರಪಿಂಡದಿಂದ ಇಳಿಯುವ ನಾಳವು ಗರ್ಭಕೋಶದ ಕೊರಳಿನಿಂದ ಸುಮಾರು 2 ಸೆಂಟಿಮೀಟರ್ ದೂರದಲ್ಲಿಯೇ ಹಾದುಹೋಗುತ್ತದೆ. ನುರಿತ ಕೈಗೂ ಇಲ್ಲಿ ಅಪಾಯವುಂಟು. ಆದುದರಿಂದಲೇ ಮೊದಲು ನಳಿಕೆಯಿಟ್ಟು ಮೂತ್ರಾಶಯವನ್ನು ಬರಿದು ಮಾಡುವರು. ಆ ನಾಳವು ಎಲ್ಲಿದೆಯೆಂದು ನಿಶ್ಚಯಿಸಿಕೊಂಡು ರಕ್ತನಾಳವನ್ನು ಕಟ್ಟುವರು. ಸಂಶಯವಿದ್ದರೆ ದುರ್ಬೀನಿನಿಂದ ಮೂತ್ರಾಶಯದ ಒಳಗನ್ನು ನೋಡುವರು. ಗಾಯವು ಆಗಲೇ ಕಂಡರೆ ಅಲ್ಲಿಯೇ ಹೊಲಿಯಬಹುದು. ಕಾಣದೆ ಉಳಿದುದನ್ನು ರೋಗಿಯ ಮಾತೇ ತಿಳಿಸಬೇಕು.

ರಂಧ್ರವು ಚಿಕ್ಕದಾಗಿದ್ದು ಬೇಗನೆ ತಿಳಿದರೆ, ಕೆಲವು ವಾರ ನಳಿಕೆಯಿಟ್ಟ ಮಾತ್ರಕ್ಕೆ ತಾನಾಗಿ ಕೂಡಿಕೊಳ್ಳುವುದುಂಟು. ಅಕ್ಕನದು ಕೂಡಲಿಲ್ಲ. ಊತವಿಳಿಯಲೆಂದು ಮೂರು ತಿಂಗಳು ಕಾಯಿಸಿ, ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಮಾಡಿ ಮುಚ್ಚಿದರು. ಆ ಎರಡು ವಾರಗಳು ಉಳಿದಿದ್ದರೆ ಇದು ತಪ್ಪುತ್ತಿತ್ತೋ ಇಲ್ಲವೋ ಯಾರು ಬಲ್ಲರು? ಆದರೆ ಆ ಎರಡು ವಾರ ಅವಳು ಒಬ್ಬಳೇ ಅಳುವುದಂತೂ ತಪ್ಪುತ್ತಿತ್ತು.

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶಸ್ತ್ರಚಿಕಿತ್ಸೆಯ ಕೋಣೆಗಾಗಿ 19 ಅಂಶಗಳ ಒಂದು ಪಟ್ಟಿಯನ್ನು ಮಾಡಿತು. ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಅದನ್ನು ಅನುಸರಿಸಿದಾಗ ಸಾವಿನ ಪ್ರಮಾಣವು ಶೇಕಡ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು. ಹೆಸರು, ಅಂಗ, ಬಟ್ಟೆತುಂಡುಗಳ ಎಣಿಕೆ ಇವನ್ನೆಲ್ಲ ಬಾಯಿಬಿಟ್ಟು ಹೇಳಿ ಖಚಿತಪಡಿಸಿಕೊಳ್ಳುವುದೇ ಅದರ ಸಾರ.

ಗೃಹಸ್ಥರ ಪಟ್ಟಿ ಇದಕ್ಕಿಂತ ಚಿಕ್ಕದು. ಮೊದಲೇ ರಕ್ತಹೀನತೆಯನ್ನು ಸರಿಪಡಿಸಿಕೊಳ್ಳಬೇಕು, ಹೊಗೆಸೊಪ್ಪನ್ನು ಬಿಡಬೇಕು, ಸೇವಿಸುವ ಔಷಧಿಗಳನ್ನೆಲ್ಲ ಹೇಳಬೇಕು. ಬಳಿಕ ವೈದ್ಯರು ಅನುಮತಿಸಿದೊಡನೆ ಎದ್ದು ನಡೆದಾಡಬೇಕು. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟೀತು. ಜ್ವರ, ಪಕ್ಕೆನೋವು, ಹೊಟ್ಟೆಯುಬ್ಬರ, ಒಂದೇ ಕಾಲಿನ ಬಾವು, ಉಬ್ಬಸ, ಸೋರುವಿಕೆ ಇವುಗಳಲ್ಲಿ ಯಾವುದು ಕಂಡರೂ ಆ ಹೊತ್ತೇ ತಿಳಿಸಬೇಕು.

ಅಕ್ಕನು ಈಗ ಸುಖವಾಗಿದ್ದಾಳೆ. ನಮ್ಮ ಬೀದಿಯಲ್ಲಿ ಯಾವ ಹೆಂಗಸಾದರೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಬಂದರೆ, ಹಣ್ಣು ಹಿಡಿದು ನೋಡಲು ಹೋಗುತ್ತಾಳೆ. ಬಾಗಿಲನ್ನು ಮುಂದೆ ಮಾಡಿ, ಕುಶಲಪ್ರಶ್ನೆಗಿಂತ ಮೊದಲು ಕೇಳುವುದು ಅದನ್ನೇ.