ಅಂಗಳದ ಕೊಳವೂ ಊರಿನ ಕೆರೆಯೂ

ಬಿಸಿಲಿಗೆ ಹೆಸರಾದ ರಾಯಚೂರು ಸೀಮೆಯಲ್ಲಿ ನೀರೆಂಬುದು ಬಾಯಾರಿಕೆಯನ್ನು ನೀಗುವ ವಸ್ತು ಮಾತ್ರವಲ್ಲ, ಕಣ್ಣಿಗೂ ಬೇಕಾದ ಆಹಾರ. ಒಂದು ಮಗ್ಗುಲಿಗೆ ಕೃಷ್ಣೆ, ಇನ್ನೊಂದು ಮಗ್ಗುಲಿಗೆ ತುಂಗಭದ್ರೆ ಹರಿಯುತ್ತಿದ್ದರೂ ನಡುವಣ ಎಡೆದೊರೆ ನಾಡಿನಲ್ಲಿ ವೈಶಾಖದ ಮಧ್ಯಾಹ್ನ ತೊಟ್ಟಿಯ ತುಂಬ ತಿಳಿನೀರನ್ನು ಕಂಡವನ ಮನಸ್ಸು ತಣಿಯುವುದು ಸಹಜ. ಆದುದರಿಂದ ಗಿಲ್ಲೆಸುಗೂರಿನಲ್ಲಿಯೋ ಮಾನ್ವಿಯಲ್ಲಿಯೋ ದೇವದುರ್ಗದಲ್ಲಿಯೋ ಮನೆ ಕಟ್ಟಿಸಿದ ಗೃಹಸ್ಥನಿಗೆ ಅಂಗಳದಲ್ಲೊಂದು ಕೊಳವನ್ನು ತೋಡಿಸಿ ಬಣ್ಣದ ಮೀನುಗಳನ್ನು ಬಿಡಬೇಕೆಂಬ ಆಸೆ ಹುಟ್ಟಿದರೆ ಅದನ್ನು ದುಂದೆಂದು ಹಳಿಯಲಾಗದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟು, ಮೀನಿನ ಜಾತಿಗಳನ್ನೂ ಅವುಗಳಿಗೆ ಇಕ್ಕುವ ಆಹಾರವನ್ನೂ ವಿವರಿಸಿರುವನು. ವಿನೋದವು ಹಳೆಯದು, ವಿನೋದದ ಜೊತೆಗೆ ಬಂದಿರುವ ಅಪಾಯವು ಮಾತ್ರ ಹೊಸದು.

ಇಂದಿನ ಅಂಗಳಗಳಲ್ಲಿ ಬಹುಮಾನ್ಯವಾದ ಮೀನೆಂದರೆ ಕೊಯಿ. ಜಪಾನಿನ ನೀಗಾತಾ ಪ್ರಾಂತದ ಬೆಟ್ಟಗಳಲ್ಲಿ ಬತ್ತದ ಗದ್ದೆಗಳಿಗೆ ನೀರೂಡುತ್ತಿದ್ದ ರೈತರು, ಊಟಕ್ಕೆಂದು ಸಾಕಿದ ಗೆಂಡೆಮೀನುಗಳಲ್ಲಿ ಅಪೂರ್ವವಾಗಿ ಬಣ್ಣ ತಳೆದವುಗಳನ್ನು ಆಯ್ದು ಆಯ್ದು ಬೆಳೆಸಿ ಈ ತಳಿಯನ್ನು ಪಡೆದರು. 1914ರ ಟೋಕಿಯೋ ವಸ್ತುಪ್ರದರ್ಶನದಲ್ಲಿ ಅದು ಹೊರಗಿನವರ ಕಣ್ಣಿಗೆ ಬಿದ್ದು ಕೀರ್ತಿಗೆ ಬಂದಿತು. ಗದ್ದೆಯ ರೈತನ ಕೈಯಿಂದ ಹುಟ್ಟಿದ ಈ ಚೆಲುವು ಗದ್ದೆಯ ನಾಡಾದ ಮಾನ್ವಿಯವರಿಗೆ ಮೆಚ್ಚಿಗೆಯಾದರೆ ಆಶ್ಚರ್ಯವೇನು? ಆದರೆ ಇಲ್ಲಿ ನೆನಪಿನಲ್ಲಿಡಬೇಕಾದ ಸಂಗತಿಯೊಂದುಂಟು. ಕೊಯಿಯು ಬೇರೊಂದು ಜಾತಿಯ ಮೀನಲ್ಲ. 1939ರಲ್ಲಿ ಸಿಂಹಳದಿಂದ ನೀಲಗಿರಿಗೆ ತರಲ್ಪಟ್ಟು, 1957ರಲ್ಲಿ ಬ್ಯಾಂಕಾಕಿನಿಂದ ಮತ್ತೊಂದು ತಳಿಯಾಗಿ ಬಂದು, ಈಗ ಕರ್ನಾಟಕದ ಕೆರೆಕೆರೆಯಲ್ಲಿಯೂ ಬೆಳೆಯುತ್ತಿರುವ ಸಾಮಾನ್ಯ ಗೆಂಡೆಯೇ ಅದು. ಒಂದು ಅರಮನೆಯ ಉಡುಪನ್ನು ತೊಟ್ಟಿದೆ, ಇನ್ನೊಂದು ಕೂಲಿಯವನ ಬಟ್ಟೆಯಲ್ಲಿದೆ. ರಕ್ತವು ಒಂದೇ, ಬರುವ ಬೇನೆಯೂ ಒಂದೇ.

1998ರಲ್ಲಿ ಇಸ್ರೇಲಿನಲ್ಲಿಯೂ ಅಮೆರಿಕದಲ್ಲಿಯೂ ಕಾಣಿಸಿಕೊಂಡ ಕೊಯಿ ಹರ್ಪಿಸ್ ವೈರಾಣುವಿನ ಕಥೆಯು ಈ ಮಾತಿಗೆ ಸಾಕ್ಷಿ. ಬೇನೆ ತಗುಲಿದ ಮೀನಿನ ಕಿವಿರುಗಳಲ್ಲಿ ಬಿಳಿಯ ಮಚ್ಚೆಗಳು ಮೂಡುತ್ತವೆ, ಕಣ್ಣುಗಳು ಒಳಸೇರುತ್ತವೆ, ಮೈಯ ಲೋಳೆ ಕೆಡುತ್ತದೆ. ಲಕ್ಷಣ ತೋರಿದ ಒಂದೆರಡು ದಿನಗಳಲ್ಲಿಯೇ ಸಾವು. ನೂರಕ್ಕೆ ಎಂಬತ್ತು, ತೊಂಬತ್ತು ಮೀನುಗಳು ಅಳಿದ ಕೊಳಗಳೂ ಉಂಟು. 2002ರಲ್ಲಿ ಅದು ಇಂಡೋನೇಷ್ಯಾದ ಜಾವಾ ದ್ವೀಪವನ್ನು ಹೊಕ್ಕಾಗ ಮೊದಲು ಸತ್ತವು ಶೋಕಿಯವರ ಕೊಯಿಗಳು; ಅನಂತರ ಸತ್ತವು ಬಡವರು ಜಲಾಶಯಗಳ ಪಂಜರಗಳಲ್ಲಿ ಮಾರಾಟಕ್ಕೆ ಸಾಕಿದ್ದ ಗೆಂಡೆಗಳು. ಮರುವರ್ಷ ಜಪಾನಿನ ಕಸುಮಿಗೌರಾ ಸರೋವರದಲ್ಲಿ ಸಾವಿರ ಟನ್ನಿಗೂ ಮಿಕ್ಕಿ ಗೆಂಡೆಗಳು ನಾಶವಾದವು. ಸಿಡುಬಿನ ವೈರಾಣುಗಳ ಗುಂಪಿಗೆ ಸೇರಿದ ಇನ್ನೊಂದು ವೈರಾಣು, ಮೀನನ್ನು ತೂಕಡಿಸುವಂತೆ ತಳದಲ್ಲಿ ಮಲಗಿಸಿ ಉಸಿರುಕಟ್ಟಿಸುವಂಥದು, ಭಾರತದ ಸಾಕಣೆಯ ಕೊಯಿಗಳಲ್ಲಿಯೂ ಇರುವುದನ್ನು ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದರು. ಅದೇ ವರ್ಷ ಚಿನ್ನದ ಮೀನುಗಳ ಹರ್ಪಿಸ್ ವೈರಾಣುವೂ ಈ ದೇಶದಲ್ಲಿ ವರದಿಯಾಯಿತು. ಆದುದರಿಂದ ಇದು ದೂರದ ದ್ವೀಪದ ಮಾತೆಂದು ಕೈತೊಳೆದುಕೊಳ್ಳುವ ಹಾಗಿಲ್ಲ.

ಈ ಬೇನೆಯು ಹಬ್ಬುವ ದಾರಿ ವ್ಯಾಪಾರದ ದಾರಿಯೇ. ಬಣ್ಣದ ಮೀನಿನ ವ್ಯಾಪಾರಕ್ಕೆ ಚೆನ್ನೈಯ ಕೊಳತ್ತೂರು ಒಂದು ತವರು. ಮುಂಬಯಿಯ ಕುರ್ಲಾ ಒಂದು ಪೇಟೆ. ಮುಂಬಯಿಯ ರೈಲುದಾರಿಯೂ ಮದರಾಸಿನ ರೈಲುದಾರಿಯೂ 1871ರಲ್ಲಿ ಕೂಡಿದುದು ರಾಯಚೂರಿನಲ್ಲಿಯೇ ಎಂಬುದನ್ನು ವಾಚಕರು ಬಲ್ಲರು. ಪ್ಲಾಸ್ಟಿಕ್ ಚೀಲದಲ್ಲಿ ಆಮ್ಲಜನಕ ತುಂಬಿ ಬಾಯಿ ಕಟ್ಟಿದ ಮೀನು ಒಂದು ಹಗಲು ಒಂದು ರಾತ್ರಿಯಲ್ಲಿ ಎಲ್ಲಿಂದೆಲ್ಲಿಗಾದರೂ ಸಾಗುತ್ತದೆ. ಮೀನಿನ ಜೊತೆಗೆ ಅದರ ನೀರೂ, ನೀರಿನ ಜೊತೆಗೆ ಕಣ್ಣಿಗೆ ಕಾಣದ ಪ್ರಯಾಣಿಕನೂ ಬರುವುದುಂಟು.

ಹಾಗಾದರೆ ಉಪಾಯವೇನು? ವೈರಾಣುವಿಗೆ ಪ್ರತಿಜೀವಕ ಔಷಧಗಳು ತಾಗುವುದಿಲ್ಲ. ಅಂಗಡಿಯವನು ಕೊಟ್ಟ ಬಣ್ಣಬಣ್ಣದ ಪುಡಿಗಳನ್ನು ಕೊಳಕ್ಕೆ ಸುರಿಯುವುದು ಹಣವನ್ನು ನೀರಿಗೆ ಹಾಕಿದಂತೆ. ತೂಕಡಿಕೆಯ ಬೇನೆಯಲ್ಲಿ ಲೀಟರಿಗೆ 5 ಗ್ರಾಂ ಉಪ್ಪು ಬೆರೆಸಿದ ನೀರು ಸಾವನ್ನು ತಗ್ಗಿಸುವುದೆಂದು ಜಪಾನಿನವರು ಕಂಡುಕೊಂಡಿರುವರು. ಆದರೆ ಅದು ಮೀನನ್ನು ಉಳಿಸುತ್ತದೆಯೇ ಹೊರತು ವೈರಾಣುವನ್ನು ಅಳಿಸುವುದಿಲ್ಲ. ನಿಜವಾದ ಉಪಾಯವು ಹಳೆಯದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಹಿರಿಯರು ಕಲಿತ ಪಾಠವೇ ಅದು: ಹೊರಗಿನಿಂದ ಬಂದವನು ಕೆಲವು ದಿನ ಬೇರೆ ಇರತಕ್ಕದ್ದು. ಹೊಸ ಮೀನಿಗೂ ಪ್ರತ್ಯೇಕವಾದ ತೊಟ್ಟಿ, ಪ್ರತ್ಯೇಕವಾದ ಬಲೆ, ಪ್ರತ್ಯೇಕವಾದ ಬಕೀಟು ಇರಬೇಕು. ನಾಲ್ಕು ವಾರವಾದರೂ ಅದನ್ನು ಅಲ್ಲಿಯೇ ನೋಡಿಕೊಳ್ಳಬೇಕು. ಕೊನೆಯ ವಾರಗಳಲ್ಲಿ ಹಳೆಯ ಕೊಳದ ಒಂದು ಮೀನನ್ನು ಅದರ ಸಂಗಡ ಬಿಟ್ಟು, ಅದಕ್ಕೆ ಏನಾಗುವುದೆಂದು ಕಾದು ನೋಡುವ ಪದ್ಧತಿಯೂ ಉಂಟು. ಬಲೆ ಬಕೀಟುಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ, ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ರಾಯಚೂರಿನಲ್ಲಿ ಬಿಸಿಲಿಗೆ ಬರವಿಲ್ಲವಷ್ಟೆ!

ಆದರೆ ಈ ಬಿಸಿಲಿನಲ್ಲಿಯೇ ಒಂದು ಮೋಸವೂ ಅಡಗಿದೆ. ಕೊಯಿ ಹರ್ಪಿಸ್ ಬೇನೆಯು ಕೆರಳುವುದು ನೀರಿನ ಶಾಖ ಸುಮಾರು 18ರಿಂದ 28 ಡಿಗ್ರಿಯೊಳಗೆ ಇರುವಾಗ. 30 ಡಿಗ್ರಿ ದಾಟಿದ ನೀರಿನಲ್ಲಿ ಅದು ತಣ್ಣಗೆ ಅಡಗಿ ಕುಳಿತಿರುತ್ತದೆ. ಇಸ್ರೇಲಿನ ಸಾಕಣೆಗಾರರು ಈ ಗುಣವನ್ನು ತಿಳಿದು, ಮರಿಗಳನ್ನು ಮೂರು ನಾಲ್ಕು ದಿನ ಬೇನೆಯ ಮೀನುಗಳೊಡನೆ ಇರಿಸಿ, ಬಳಿಕ ಬಿಸಿನೀರಿನ ಕೊಳಗಳಿಗೆ ಸಾಗಿಸಿ, ಅವು ರೋಗವನ್ನು ತಡೆಯುವಂತೆ ಮಾಡುತ್ತಿದ್ದರು. ಹಾಗೆ ಬದುಕಿದ ಮೀನು ತಾನು ಆರೋಗ್ಯದಿಂದಿದ್ದರೂ ವೈರಾಣುವನ್ನು ಒಡಲಲ್ಲಿ ಹೊತ್ತಿರಬಲ್ಲದು. ಆದುದರಿಂದ ಚೈತ್ರ ವೈಶಾಖಗಳಲ್ಲಿ ಕೊಂಡ ಮೀನು ನಾಲ್ಕು ವಾರ ನಲಿದಾಡಿದರೂ ಅದು ಪರೀಕ್ಷೆಯಲ್ಲಿ ತೇರಿತೆಂದು ಹೇಳಲಾಗದು. ಕಾರ್ತಿಕ ಮಾರ್ಗಶಿರಗಳ ಚಳಿಯಲ್ಲಿ ಅದರ ಬಣ್ಣ ಬಯಲಾಗುವುದು. ಕೊಳ್ಳುವವರು ಚಳಿಗಾಲದಲ್ಲಿ ಕೊಂಡು, ಚಳಿಗಾಲದಲ್ಲಿಯೇ ಪರೀಕ್ಷಿಸುವುದು ಲೇಸು.

ಇನ್ನು ಬೇನೆ ಬಂದೇ ಬಿಟ್ಟರೆ ಮಾಡಬೇಕಾದುದು ಕಠಿನವಾದುದು. ಆಗ ಮಾರುವವನ ಮನಸ್ಸಿಗೆ ತೋರುವುದು, ಉಳಿದ ಮೀನುಗಳನ್ನು ಸಾಯುವ ಮೊದಲೇ ಅರ್ಧ ಬೆಲೆಗೆ ಸಾಗಹಾಕಬೇಕೆಂದು. ಕೊಂಡವನ ಮನಸ್ಸಿಗೆ ತೋರುವುದು, ಕೊಲ್ಲಲಾರದೆ, ಬದುಕಿದರೆ ಬದುಕಲೆಂದು ಮೀನನ್ನು ಕಾಲುವೆಗೆ ಬಿಡಬೇಕೆಂದು. ಮೊದಲನೆಯದು ಲೋಭ, ಎರಡನೆಯದು ದಯೆ. ಆದರೆ ಎರಡರ ಫಲವೂ ಒಂದೇ. ಮಾನ್ವಿಗೆ ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು, ದೇವದುರ್ಗಕ್ಕೆ ನಾರಾಯಣಪುರದ ಬಲದಂಡೆಯ ಕಾಲುವೆಯ ನೀರು. ಕಾಲುವೆಯಿಂದ ಗದ್ದೆಗೆ, ಗದ್ದೆಯಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೋ ಹೊಳೆಗೋ ಅದು ಹರಿಯುತ್ತಲೇ ಇರುವುದು. ಆ ಕೆರೆಯನ್ನು ಗುತ್ತಿಗೆ ಹಿಡಿದು, ಸಾಲ ಮಾಡಿ ಗೆಂಡೆಮರಿಗಳನ್ನು ಬಿಟ್ಟಿರುವ ಬೆಸ್ತರ ಸಂಸಾರಕ್ಕೆ ಅಂಗಳದ ಕೊಳದ ಸಂಗತಿ ಏನು ಗೊತ್ತು? ಒಂದು ಮುಂಜಾನೆ ದಡದಲ್ಲಿ ತೇಲುವ ಸತ್ತ ಮೀನುಗಳಿಂದಲೇ ಅವರಿಗೆ ಸುದ್ದಿ ಮುಟ್ಟಬೇಕು.

ಆದುದರಿಂದ ಸತ್ತ ಮೀನನ್ನು ಸುಣ್ಣ ಹಾಕಿ ಆಳವಾಗಿ ಹೂಳುವುದು, ಕೊಳದ ನೀರನ್ನು ಚರಂಡಿಗೆ ಹರಿಸದೆ ಅಲ್ಲಿಯೇ ಶುದ್ಧಿಮಾಡುವುದು, ಮೀನುಗಾರಿಕೆ ಇಲಾಖೆಯವರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ ಕಿವಿರಿನ ತುಣುಕನ್ನು ಪರೀಕ್ಷೆಗೆ ಕೊಡುವುದು, ಇವು ಬರಿಯ ಶಾಸ್ತ್ರವಿಧಿಗಳಲ್ಲ, ನೆರೆಹೊರೆಯ ಧರ್ಮ. 2013ರಿಂದ ಈ ದೇಶದಲ್ಲಿ ಜಲಜೀವಿಗಳ ರೋಗಗಳ ಮೇಲೆ ಕಣ್ಣಿಡುವ ರಾಷ್ಟ್ರೀಯ ಯೋಜನೆಯೊಂದು ಆರಂಭವಾಯಿತು. ಆದರೆ ಯೋಜನೆಯ ಕಣ್ಣು ಪ್ರತಿಯೊಂದು ಮನೆಯ ಅಂಗಳವನ್ನೂ ನೋಡಲಾರದು. ಅಲ್ಲಿ ನೋಡತಕ್ಕವನು ಮನೆಯ ಯಜಮಾನನೇ. ಚೆಲುವಾದ ವಸ್ತುವನ್ನು ಮನೆಗೆ ತರುವ ಅಧಿಕಾರವು ಹಣವುಳ್ಳವನಿಗೆ ಉಂಟು, ನಿಜ. ಅದರ ಬೇನೆಯನ್ನು ಮನೆಯಿಂದಾಚೆಗೆ ಕಳುಹಿಸುವ ಅಧಿಕಾರವು ಯಾರಿಗೂ ಇಲ್ಲ.